ಕೃಷ್ಣೆಯ ದಡದ ಕನ್ನಡ ಶಾಲೆ ಮತ್ತು ಮೊದಲ ವಿಜ್ಞಾನ

ಕೃಷ್ಣಾ ನದಿ ಕರ್ನಾಟಕ ದಾಟಿ ತೆಲಂಗಾಣಕ್ಕೆ ಕಾಲಿಡುವುದು ನಾರಾಯಣಪೇಟೆ ಜಿಲ್ಲೆಯ ತಂಗಡಗಿಯ ಹತ್ತಿರ. ಭೀಮೆ ಬಂದು ಕೂಡುವುದೂ ಅದೇ ಸುತ್ತಿನಲ್ಲಿ. ಆಚೆ ದಡದಲ್ಲಿ ರಾಯಚೂರು, ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು. ಈಚೆ ದಡದಲ್ಲಿ ಕೃಷ್ಣಾ, ಮಾಗನೂರು, ಮಕ್ತಲ್ ಮಂಡಲಗಳ ಹಳ್ಳಿಗಳು. ಇನ್ನಷ್ಟು ಕೆಳಗೆ ಜೂರಾಲಾ ಅಣೆಕಟ್ಟು, ಅದರ ಬಲಕ್ಕೆ ಗದ್ವಾಲ. ಈ ಪಟ್ಟಿಯ ಎಷ್ಟೋ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ನಾರಾಯಣಪೇಟೆಯ ಪೇಟೆಬೀದಿಗೆ ಹೋದರೆ ಉರ್ದು, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಇಲ್ಲಿನ ಕನ್ನಡ ಶಾಲೆಗಳ ಸುದ್ದಿ ಪತ್ರಿಕೆಗೆ ಬಂದಾಗಲೆಲ್ಲ ಅದು ಭಾಷೆಯ ಅಳಲೇ ಆಗಿರುತ್ತದೆ: ಶಾಲೆ ಉಳಿಯುತ್ತದೋ ಇಲ್ಲವೋ, ಶಿಕ್ಷಕರ ಹುದ್ದೆ ತುಂಬಿತೋ ಇಲ್ಲವೋ, ಪುಸ್ತಕ ಜೂನ್‌ನಲ್ಲಿ ಬಂತೋ ಸೆಪ್ಟೆಂಬರ್‌ನಲ್ಲಿ ಬಂತೋ. ಈ ಅಳಲು ಸುಳ್ಳಲ್ಲ. ಆದರೆ ಶಾಲೆಯ ಒಳಗೆ ಕೂತ ಮೂರನೇ ತರಗತಿಯ ಮಗು ಏನು ಕಲಿಯುತ್ತಿದೆ, ಹೇಗೆ ಕಲಿಯುತ್ತಿದೆ ಎಂದು ಕೇಳಿದವರು ಕಡಿಮೆ. ಅದರಲ್ಲೂ ವಿಜ್ಞಾನದ ಮೊದಲ ಪಾಠದ ಬಗ್ಗೆ ಮಾತೇ ಇಲ್ಲ. ಭಾಷೆಯ ಜಗಳದ ಅಡಿಯಲ್ಲಿ ಕಲಿಕೆಯ ಪ್ರಶ್ನೆ ಸಿಕ್ಕಿಹಾಕಿಕೊಂಡಿದೆ ಎಂಬುದು ನನ್ನ ಅನಿಸಿಕೆ. ಎರಡನ್ನೂ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಚರಿತ್ರೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಅದೇ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಹಬೂಬನಗರಕ್ಕೆ ಸೇರಿ ಆಂಧ್ರಪ್ರದೇಶದ ಪಾಲಾದವು. ಮಕ್ತಲ್, ನಾರಾಯಣಪೇಟೆ ಮೊದಲಿನಿಂದಲೂ ಮಹಬೂಬನಗರದಲ್ಲೇ ಇದ್ದವು. ಹೊಸ ಗಡಿ ಎಲ್ಲಿ ಎಳೆದರೂ ಅದರ ಎರಡೂ ಬದಿಗೆ ಒಂದಷ್ಟು ಜನ ಅಲ್ಪಸಂಖ್ಯಾತರಾಗಿ ಉಳಿಯುತ್ತಾರೆ ಎಂದು ಗೊತ್ತಿದ್ದೇ ಆ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿಸಿದರು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಲೆಕ್ಕ ಅದಕ್ಕೂ ಹಳೆಯದು, 1949ರ ಶಿಕ್ಷಣ ಸಚಿವರ ಸಮ್ಮೇಳನದ್ದು. ಆಮೇಲೆ ರಾಜ್ಯವೂ ಬದಲಾಯಿತು, ಜಿಲ್ಲೆಗಳೂ ಬದಲಾದವು. 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬ ಗದ್ವಾಲ, 2019ರ ಫೆಬ್ರುವರಿಯಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. 2011ರ ಜನಗಣತಿಯ ಅಂಕಿಗಳನ್ನು ಈ ಹೊಸ ಗಡಿಗೆ ಹೊಂದಿಸಿ ನೋಡಿದರೆ ಎರಡೂ ಜಿಲ್ಲೆಗಳ ಸಾಕ್ಷರತೆ ಶೇ. 50ರ ಆಸುಪಾಸು, ತೆಲಂಗಾಣದಲ್ಲೇ ಕೊನೆಯ ಸಾಲು. ದುಡಿಯಲು ಮುಂಬಯಿ, ಹೈದರಾಬಾದ್ ಎಂದು ಗುಳೆ ಹೋಗುವ ಪಾಲಮೂರು, ಅಂದರೆ ಮಹಬೂಬನಗರ ಸೀಮೆಯ ಕೂಲಿಯವರ ಹೆಸರು ದೇಶಕ್ಕೆಲ್ಲ ಗೊತ್ತು. ಹೀಗೆ ಹೋದವರ ಮಕ್ಕಳು ವರ್ಷದ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಇಂಥ ಕಡೆ ವಿಜ್ಞಾನ ಎಂದರೆ ಏನು? ಕಾಗದದ ಮೇಲೆ ವ್ಯವಸ್ಥೆ ಸರಳವಾಗಿದೆ. ಒಂದು, ಎರಡನೇ ತರಗತಿಯಲ್ಲಿ ಪ್ರತ್ಯೇಕ ವಿಷಯವಿಲ್ಲ. ಭಾಷೆ, ಲೆಕ್ಕದ ಒಳಗೇ ಅಷ್ಟಿಷ್ಟು. ಮೂರರಿಂದ ಐದರವರೆಗೆ ಪರಿಸರ ಅಧ್ಯಯನ. ಇದರಲ್ಲಿ ವಿಜ್ಞಾನ, ಸಮಾಜ ಎರಡೂ ಬೆರೆತಿವೆ: ಗಿಡ, ನೀರು, ಆಹಾರ, ಮನೆ, ಊರು. ಆರು, ಏಳರಲ್ಲಿ ಸಾಮಾನ್ಯ ವಿಜ್ಞಾನ, ಎಂಟರಿಂದ ಭೌತ ಮತ್ತು ಜೀವ ವಿಜ್ಞಾನ ಬೇರೆ ಬೇರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಐದರ ಈ ಬೆರಕೆಯನ್ನು ಸ್ಪಷ್ಟವಾಗಿ ಎತ್ತಿಹಿಡಿದಿತ್ತು, ಮತ್ತು ಅದು ಸರಿಯಾದ ನಿಲುವೇ. ಎಂಟು ವರ್ಷದ ಮಗುವಿಗೆ ಕೆರೆ ಎನ್ನುವುದು ಜೀವಶಾಸ್ತ್ರವೂ ಅಲ್ಲ, ಭೂಗೋಳವೂ ಅಲ್ಲ, ಅದು ಕೆರೆ.

ತೊಡಕು ಬರುವುದು ಕೋಣೆಯ ಒಳಗೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು ಐದು. ಅಂದರೆ ಒಬ್ಬರು ಒಂದು, ಎರಡನ್ನು ಹಿಡಿದರೆ ಇನ್ನೊಬ್ಬರ ಕೊರಳಿಗೆ ಮೂರು, ನಾಲ್ಕು, ಐದು. ಒಬ್ಬರು ಮಂಡಲ ಕೇಂದ್ರಕ್ಕೆ ಮೀಟಿಂಗಿಗೆ ಹೋದ ದಿನ ಐದೂ ಒಂದೇ ಕೋಣೆಯಲ್ಲಿ. ಹೀಗಿದ್ದಾಗ ಮೊದಲು ಉಳಿಸಿಕೊಳ್ಳುವುದು ಓದು, ಬರಹ, ಲೆಕ್ಕ. 2022ರಲ್ಲಿ ತೆಲಂಗಾಣ ಆರಂಭಿಸಿದ ‘ತೊಲಿಮೆಟ್ಟು’ ಕಾರ್ಯಕ್ರಮದ ಒತ್ತೂ ಮುಖ್ಯವಾಗಿ ಅದರ ಮೇಲೆಯೇ. ಓದಲು ಬಾರದ ಮಗುವಿಗೆ ಓದು ಕಲಿಸುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಪರಿಸರ ಅಧ್ಯಯನ ಆಗ ಉಳಿದ ಹೊತ್ತಿನ ವಿಷಯವಾಗುತ್ತದೆ, ಉಳಿದ ಹೊತ್ತು ಎಂಬುದು ಇರುವುದೇ ಇಲ್ಲ. ಮಕ್ಕಳ ಓದು, ಲೆಕ್ಕವನ್ನು ಊರೂರು ಅಲೆದು ಅಳೆಯುವ ‘ಅಸರ್’ ಸಮೀಕ್ಷೆ ವಿಜ್ಞಾನವನ್ನು ಕೇಳುವುದಿಲ್ಲ. 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆ ಪರಿಸರ ಅಧ್ಯಯನವನ್ನು ಕೇಳಿತು ನಿಜ, ಆದರೆ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ರೀತಿಯಲ್ಲಿ. ಮಗು ಒಂದು ವಸ್ತುವನ್ನು ಕೈಗೆತ್ತಿಕೊಂಡು ಏನು ಮಾಡುತ್ತದೆ ಎಂದು ಅದು ಹೇಳಲಾರದು.

ಮಗು ಖಾಲಿ ತಲೆಯಲ್ಲಿ ಶಾಲೆಗೆ ಬರುವುದಿಲ್ಲ ಎಂಬ ಮಾತು ಕಳೆದ ನಾಲ್ಕೈದು ದಶಕಗಳ ವಿಜ್ಞಾನ ಶಿಕ್ಷಣದ ಸಂಶೋಧನೆಯಲ್ಲಿ ಅತಿ ಗಟ್ಟಿಯಾಗಿ ನಿಂತಿರುವ ಮಾತು. ಬ್ರಿಟನ್ನಿನ ರೋಸಲಿಂಡ್ ಡ್ರೈವರ್ 1983ರಲ್ಲೇ ಇದನ್ನು ಪುಸ್ತಕವಾಗಿ ಬರೆದರು. 1992ರಲ್ಲಿ ವೋಸ್ನಿಯಾಡು ಮತ್ತು ಬ್ರೂವರ್ ಎಂಬ ಸಂಶೋಧಕರು ಅಮೆರಿಕದ ಪ್ರಾಥಮಿಕ ಶಾಲೆಯ 60 ಮಕ್ಕಳನ್ನು ಭೂಮಿಯ ಆಕಾರದ ಬಗ್ಗೆ ಮಾತಾಡಿಸಿದರು. ದುಂಡಗೆ ಎಂದು ಹೇಳಲು ಬಹುತೇಕ ಎಲ್ಲರಿಗೂ ಬರುತ್ತಿತ್ತು. ಕೆದಕಿದಾಗ ಕೆಲವರ ಮನಸ್ಸಿನ ಭೂಮಿ ರೊಟ್ಟಿಯಂತೆ ದುಂಡಗೆ, ಇನ್ನು ಕೆಲವರಿಗೆ ಟೊಳ್ಳು ಗೋಳ, ಜನ ಅದರ ಒಳಗಿನ ಚಪ್ಪಟೆ ನೆಲದ ಮೇಲೆ. ಮಕ್ಕಳು ಶಾಲೆಯ ಉತ್ತರವನ್ನೂ ಕಣ್ಣಿನ ಅನುಭವವನ್ನೂ ಕೂಡಿಸಿ ತಮ್ಮದೇ ಒಂದು ಹೊಂದಾಣಿಕೆ ಮಾಡಿಕೊಂಡಿದ್ದರು. ದೊಡ್ಡವರೂ ಇದರಿಂದ ಹೊರತಲ್ಲ. 1997ರಲ್ಲಿ ಹಾರ್ವರ್ಡ್ ತಯಾರಿಸಿದ ಸಾಕ್ಷ್ಯಚಿತ್ರವೊಂದರಲ್ಲಿ ಹೆಸರಾಂತ ವಿಶ್ವವಿದ್ಯಾಲಯದ ಪದವೀಧರರ ಕೈಗೆ ಒಂದು ಸೆಲ್ಲು, ಒಂದು ಬಲ್ಬು, ಒಂದು ತುಂಡು ವೈರು ಕೊಟ್ಟು ಬಲ್ಬು ಹೊತ್ತಿಸಿ ಎಂದರೆ ಹಲವರಿಗೆ ಆಗಲಿಲ್ಲ. ವೈರು ನೀರಿನ ಪೈಪಿನ ಹಾಗೆ ಒಂದು ಕಡೆಯಿಂದ ಕರೆಂಟು ತಂದು ಸುರಿಯುತ್ತದೆ ಎಂಬ ಎಳವೆಯ ಕಲ್ಪನೆ ಅಷ್ಟು ವರ್ಷದ ಓದಿನ ಕೆಳಗೂ ಹಾಗೇ ಇತ್ತು. ಶಕ್ತಿನಗರದ ಚಿಮಣಿ ನೋಡುತ್ತ ಬೆಳೆದ ನಮ್ಮ ಮಕ್ಕಳಿಗೂ, ಜೂರಾಲಾದ 39 ಮೆಗಾವಾಟಿನ ಆರು ಯಂತ್ರಗಳ ಪಕ್ಕದಲ್ಲೇ ಇರುವ ಮಕ್ಕಳಿಗೂ ಈ ಮೂರು ವಸ್ತುಗಳನ್ನು ಕೈಯಲ್ಲಿ ಹಿಡಿದು ಒದ್ದಾಡುವ ಅವಕಾಶ ಐದನೇ ತರಗತಿಯೊಳಗೆ ಒಮ್ಮೆಯಾದರೂ ಸಿಗಬೇಕು. ಆ ಸೆಲ್ಲಿನಿಂದ ಶಾಕ್ ಹೊಡೆಯುವುದಿಲ್ಲ. ಗೋಡೆಯ ಸಾಕೆಟ್ಟಿನ ಹತ್ತಿರ ಮಾತ್ರ ಬಿಡಬಾರದು.

ಬೀಜಕ್ಕೆ ಜೀವ ಇದೆಯೋ ಇಲ್ಲವೋ ಎಂದು ನಾಲ್ಕನೇ ತರಗತಿಯಲ್ಲಿ ಕೇಳಿ ನೋಡಿ. ‘ಸತ್ತಿರ್ತದ ಸರ್, ನೀರು ಹಾಕಿದ್ರ ಜೀವ ಬರ್ತದ’ ಎಂಬಂಥ ಉತ್ತರ ಬಂದರೆ ಅದನ್ನು ತಪ್ಪು ಎಂದು ಒರೆಸಿಹಾಕುವ ಶಿಕ್ಷಕರು ಒಳ್ಳೆಯ ಪಾಠವೊಂದನ್ನು ಕಳೆದುಕೊಳ್ಳುತ್ತಾರೆ. ಒಂದು ಹಿಡಿ ತೊಗರಿ, ಒಂದಷ್ಟನ್ನು ಹಾಗೇ, ಒಂದಷ್ಟನ್ನು ಕುದಿಸಿ, ಒಂದಷ್ಟನ್ನು ಎರಡಾಗಿ ಒಡೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಾಕು. ನೀರೇ ಜೀವ ತರುವುದಾದರೆ ಕುದಿಸಿದ ಬೀಜವೂ ಮೊಳೆಯಬೇಕಲ್ಲ? ಮೂರನೇ ದಿನ ಮಕ್ಕಳೇ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳ ವಿಜ್ಞಾನದ ತರಗತಿ. ಉತ್ತರ ಬರೆಸುವುದು ಆಮೇಲಿನ ಕೆಲಸ.

ಹೀಗೆ ಮಾಡಿ ಕಲಿಯುವುದನ್ನು ಸರಕಾರಿ ಶಾಲೆಯಲ್ಲಿ, ಹಳ್ಳಿಗಾಡಿನಲ್ಲಿ, ದೊಡ್ಡ ಪ್ರಮಾಣದಲ್ಲಿ ನಡೆಸಬಹುದೇ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿ ಐವತ್ತು ವರ್ಷ ಆಗುತ್ತ ಬಂತು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸೇರಿ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಶುರು ಮಾಡಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ದೆಹಲಿ ವಿಶ್ವವಿದ್ಯಾಲಯದವರು ಹಳ್ಳಿಗೆ ಬಂದು ಶಿಕ್ಷಕರ ಜೊತೆ ಕೂತರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಅದನ್ನು ನಡೆಸಲೆಂದೇ ಏಕಲವ್ಯ ಸಂಸ್ಥೆ ಹುಟ್ಟಿತು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು ಜೋಡಿಸಿ ಆಕೃತಿಗಳನ್ನು ಮಾಡುವ ಅರವಿಂದ ಗುಪ್ತಾ ಅವರ ಆಟಿಕೆಗಳು ಹುಟ್ಟಿದ್ದೂ ಆ ಅಂಗಳದಲ್ಲೇ. ಅಲ್ಲಿನ ಪುಸ್ತಕದಲ್ಲಿ ಉತ್ತರಗಳಿರಲಿಲ್ಲ, ಪ್ರಯೋಗಗಳೂ ಪ್ರಶ್ನೆಗಳೂ ಇದ್ದವು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟು ಬರೆಯಬಹುದಿತ್ತು. ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಕೊನೆಗೆ ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹರಡಿದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರಕಾರವೇ ನಿಲ್ಲಿಸಿತು.

ಅದರಿಂದ ಎರಡು ಸಂಗತಿ ಕಲಿಯಬಹುದು. ಒಂದು ಎಲ್ಲರೂ ಹೇಳುವುದು: ಅಗ್ಗದ ಸಾಮಾನಿನಿಂದ ಒಳ್ಳೆಯ ವಿಜ್ಞಾನ ಕಲಿಸಬಹುದು. ಎರಡನೆಯದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಆ ಕಾರ್ಯಕ್ರಮ ಮೂವತ್ತು ವರ್ಷ ನಿಂತದ್ದು ಕಿಟ್ಟಿನ ಬಲದಿಂದಲ್ಲ, ಶಿಕ್ಷಕರ ತಿಂಗಳ ಸಭೆಯಿಂದ, ಬೇಸಿಗೆಯ ತರಬೇತಿಯಿಂದ, ಶಾಲೆಗೆ ಬಂದು ಕೂತು ನೋಡುವ ಜೊತೆಗಾರರಿಂದ. ನಮ್ಮಲ್ಲಿ ಕಿಟ್ಟು ಹಂಚುವುದು ಸುಲಭ, ಫೋಟೊ ತೆಗೆಸಿಕೊಳ್ಳುವುದೂ ಸುಲಭ. ಆಮೇಲೆ ಅದು ಬೀರುವಿನ ಒಳಗೆ ಬೀಗ ಹಾಕಿಸಿಕೊಂಡು ಕೂರುತ್ತದೆ. ಗಾಜು ಒಡೆದರೆ ಸ್ಟಾಕ್ ರಿಜಿಸ್ಟರಿನಲ್ಲಿ ಲೆಕ್ಕ ಕೊಡುವವರು ಯಾರು ಎಂಬ ಭಯ. ಮುಖ್ಯ ಗುರುಗಳನ್ನು ದೂರಿ ಪ್ರಯೋಜನವಿಲ್ಲ, ನಿಯಮವೇ ಹಾಗಿದೆ.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವೇನೂ ಇಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಬರೆದರು, ಆಮೇಲೆ ‘ವಿಜ್ಞಾನ ಪ್ರಪಂಚ’. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ದಶಕಗಳಿಂದ ಬರುತ್ತಿದೆ. ಜೆ. ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥವರು ಬೀದಿಯ ಮಾತಿಗೆ ಹತ್ತಿರವಾದ ಕನ್ನಡದಲ್ಲಿ ವಿಜ್ಞಾನ ಬರೆದು ತೋರಿಸಿದರು. ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ ಹಲವು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ದಾರಿ ಹುಡುಕಿತು; ಇಬ್ಬರು ಶಿಕ್ಷಕರ ಶಾಲೆಗೆ ಅದಕ್ಕಿಂತ ಬೇಕಾದದ್ದು ಇಲ್ಲ. ಇವೆಲ್ಲ ಗಡಿಯ ಆಚೆ ಇವೆ. ಶಾಲೆಯ ಆಡಳಿತ ತೆಲಂಗಾಣದ್ದು, ಪುಸ್ತಕವೂ ತೆಲಂಗಾಣದ್ದು: ಹೈದರಾಬಾದಿನಲ್ಲಿ ಸಿದ್ಧವಾದ ಪಠ್ಯದ ಕನ್ನಡ ಅನುವಾದ. ಪಠ್ಯಕ್ರಮದ ಮಟ್ಟಿಗೆ ಇದು ಇರಬೇಕಾದದ್ದೇ. ಆದರೆ ಪಠ್ಯದ ಹೊರಗೆ ಮಗುವಿನ ಕೈಗೆ ಕೊಡಲು ಕನ್ನಡದಲ್ಲಿ ಇಷ್ಟೊಂದು ಇರುವಾಗ ಅದು ಕೃಷ್ಣಾ ಸೇತುವೆ ದಾಟುವುದಿಲ್ಲ ಎಂದರೆ ತಪ್ಪು ಯಾರದು? ಸೇತುವೆಯಿಂದ ರಾಯಚೂರು ಅರ್ಧ ತಾಸಿನ ಹಾದಿ.

ಈಗ ಈ ನೆಲದ ಮಾತಿಗೆ ಬರೋಣ. ಕೃಷ್ಣಾ ಮಂಡಲದ ಮುದುಮಾಲದಲ್ಲಿ ಕೃಷ್ಣಾ ನದಿಗೆ ಹತ್ತಿರ 10ರಿಂದ 14 ಅಡಿ ಎತ್ತರದ ಸುಮಾರು 80 ನಿಲುವುಗಲ್ಲುಗಳಿವೆ, ಸುತ್ತ ಸಾಲುಸಾಲಾಗಿ ಚಿಕ್ಕ ಕಲ್ಲುಗಳು ಸಾವಿರಾರು. ಮೂರು ಸಾವಿರ ವರ್ಷಕ್ಕೂ ಹಿಂದಿನ ಬೃಹತ್ ಶಿಲಾಯುಗದ ಕೆಲಸ ಇದು. ಹೈದರಾಬಾದ್ ವಿಶ್ವವಿದ್ಯಾಲಯದ ಕೆ. ಪಿ. ರಾವ್ ಅವರು ಇಲ್ಲಿ ಅಧ್ಯಯನ ಮಾಡಿ, ಕಲ್ಲಿನ ಕೆಲವು ಸಾಲುಗಳು ಅಯನ, ವಿಷುವ ದಿನಗಳ ಸೂರ್ಯೋದಯ ಸೂರ್ಯಾಸ್ತಕ್ಕೆ ಹೊಂದುತ್ತವೆಂದೂ, ಒಂದು ಕಲ್ಲಿನ ಮೇಲೆ ಕೊರೆದ ಕುಳಿಗಳು ಸಪ್ತರ್ಷಿ ಮಂಡಲದ ಆಕಾರದಲ್ಲಿವೆಯೆಂದೂ ತೋರಿಸಿದರು. 2025ರ ಮಾರ್ಚ್‌ನಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಊರವರಿಗೆ ಇಲ್ಲಿನ ಕೆಲವು ಕಲ್ಲುಗಳು ದೇವರು. ಅದು ಅಧ್ಯಯನಕ್ಕೆ ಅಡ್ಡಿಯೇನಲ್ಲ. ಪೂಜೆಗೆ ನಿಂತ ಕಲ್ಲಿನ ನೆರಳೂ ನೆರಳೇ.

ನೆರಳಿನ ಪಾಠಕ್ಕೆ ಮುದುಮಾಲಕ್ಕೇ ಹೋಗಬೇಕೆಂದಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟರೆ ಸಾಕು. ಈ ಊರುಗಳ ಅಕ್ಷಾಂಶ 16ರಿಂದ 17 ಡಿಗ್ರಿಯ ನಡುವೆ. ಅದರ ಫಲವಾಗಿ ಒಂದು ಸೊಗಸಾದ ಸಂಗತಿ ನಡೆಯುತ್ತದೆ, ಮತ್ತು ಅದು ಶಾಲೆ ನಡೆಯುವ ಕಾಲದಲ್ಲೇ ನಡೆಯುತ್ತದೆ. ಜೂನ್ 12ರ ಸುಮಾರಿಗೆ ಶಾಲೆ ತೆರೆಯುವಾಗ ಮಧ್ಯಾಹ್ನದ ಸೂರ್ಯ ನಡುನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಜೂನ್ 21ರಂದು ಸುಮಾರು 12 ಸೆಂಟಿಮೀಟರು. ಆಗಸ್ಟ್ ಮೊದಲ ವಾರದ ಆಸುಪಾಸು ಒಂದು ದಿನ ನೆರಳೇ ಇಲ್ಲ. ಅಲ್ಲಿಂದ ಮುಂದೆ ಅದು ಉತ್ತರಕ್ಕೆ ಹೊರಳಿ ಬೆಳೆಯುತ್ತ ಹೋಗಿ ಡಿಸೆಂಬರ್ 22ರ ಹೊತ್ತಿಗೆ 80 ಸೆಂಟಿಮೀಟರು ದಾಟುತ್ತದೆ. ನಡುಹಗಲು ಎಂದರೆ ಗಡಿಯಾರದ ಹನ್ನೆರಡಲ್ಲ. ಇಲ್ಲಿ ನೆರಳು ಅತಿ ಗಿಡ್ಡವಾಗುವುದು ಆಗಸ್ಟ್‌ನಲ್ಲಿ ಹನ್ನೆರಡೂವರೆಗೆ ಐದು ನಿಮಿಷ ಮುಂಚೆ, ಬಿಸಿಯೂಟದ ಗಂಟೆಗೆ ಹತ್ತಿರ. ಮಳೆಗಾಲದ ಮೋಡ ಆ ಒಂದು ದಿನವನ್ನು ನುಂಗಬಹುದು, ಆದರೆ ವಾರದ ಹಿಂದೆ ದಕ್ಷಿಣಕ್ಕಿದ್ದ ನೆರಳು ವಾರದ ಮೇಲೆ ಉತ್ತರಕ್ಕೆ ಬಂದದ್ದನ್ನು ನುಂಗಲಾರದು. ದೆಹಲಿಯ ಮಗುವಿಗೆ ಈ ದೃಶ್ಯ ಯಾವ ಕಾಲಕ್ಕೂ ಸಿಗುವುದಿಲ್ಲ; ಅಲ್ಲಿ ಸೂರ್ಯ ನೆತ್ತಿಗೇ ಬರುವುದಿಲ್ಲ. ದೇಶಕ್ಕೆಲ್ಲ ಒಂದೇ ಪುಸ್ತಕ ಬರೆದರೆ ಇಂಥದ್ದು ಅದರಲ್ಲಿ ಬರುವುದಾದರೂ ಹೇಗೆ?

ಇನ್ನು ಮಣ್ಣು. ಮಕ್ತಲ್ ಸುತ್ತಿನ ಮಗುವಿಗೆ ಕಪ್ಪು ಮಣ್ಣಿನ ಎರಿ ಹೊಲ ಯಾವುದು, ಕೆಂಪು ಮಣ್ಣಿನ ಮಸಾರಿ ಯಾವುದು ಎಂದು ಕಲಿಸಬೇಕಿಲ್ಲ. ಕಲಿಸಬೇಕಾದದ್ದು ಅವೆರಡರ ನಡತೆ ಏಕೆ ಬೇರೆ ಎಂದು. ಎರಡು ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಹಳೆಯ ಬಟ್ಟೆ ಕಟ್ಟಿ, ತಲೆಕೆಳಗೆ ನಿಲ್ಲಿಸಿ, ಒಂದಕ್ಕೆ ಎರಿ ಮಣ್ಣು, ಇನ್ನೊಂದಕ್ಕೆ ಮಸಾರಿ ಸಮಸಮ ತುಂಬಿ, ಒಂದೊಂದು ಲೋಟ ನೀರು ಹಾಕಿದರೆ ಮಸಾರಿಯದು ಬೇಗ ಸೋರಿ ಕೆಳಗಿನ ಪಾತ್ರೆಗೆ ಬರುತ್ತದೆ, ಎರಿ ನೀರನ್ನು ಕುಡಿದು ಉಬ್ಬಿ ಹನಿಹನಿಯಾಗಿ ಬಿಡುತ್ತದೆ. ಮಳೆ ನಿಂತ ಮೇಲೂ ಹಿಂಗಾರಿ ಜೋಳ ಎರಿ ಹೊಲದಲ್ಲಿ ಬರಿ ಹಸಿಯ ಮೇಲೆ ಬೆಳೆಯುವುದು ಹೇಗೆ ಎಂಬುದಕ್ಕೆ ಮಗುವಿನ ಅಜ್ಜ ಹೇಳುವ ಉತ್ತರವೂ ಈ ಬಾಟಲಿಯ ಉತ್ತರವೂ ಒಂದೇ. ಆದರೆ ಇಲ್ಲೊಂದು ತಮಾಷೆ ಇದೆ. ಎರಿ ಮಣ್ಣಿನ ಹೆಂಟೆಗಳನ್ನು ಪುಡಿ ಮಾಡದೆ ಹಾಗೇ ತುಂಬಿದರೆ ಪ್ರಯೋಗ ಉಲ್ಟಾ ಆಗುತ್ತದೆ. ನೀರು ಹೆಂಟೆಗಳ ಸಂದಿನಿಂದ ಸರ್ರನೆ ಇಳಿದುಬಿಡುತ್ತದೆ. ‘ಪ್ರಯೋಗ ಫೇಲಾಯಿತು’ ಎಂದು ಅನೇಕರು ಅಲ್ಲಿಗೇ ಪುಸ್ತಕಕ್ಕೆ ಮರಳುತ್ತಾರೆ. ನನಗೆ ಕೇಳಿದರೆ ಪಾಠ ಶುರುವಾಗುವುದು ಅಲ್ಲಿಂದಲೇ. ಬೇಸಿಗೆಯಲ್ಲಿ ಎರಿ ಹೊಲ ಬಾಯಿಬಿಟ್ಟಿದ್ದನ್ನು ನೋಡಿದ ಮಗು ಅದರ ಕಾರಣವನ್ನು ಶಿಕ್ಷಕರಿಗಿಂತ ಮೊದಲೇ ಹೇಳಬಲ್ಲದು.

ಗದ್ವಾಲದ ಕಡೆ ಮಕ್ಕಳಿಗೆ ಗೊತ್ತಿರುವ ಇನ್ನೊಂದು ವಿಜ್ಞಾನವಿದೆ. ಅದರ ಬಗ್ಗೆ ಎಚ್ಚರದಿಂದ ಮಾತಾಡಬೇಕು. ಕೃಷ್ಣಾ, ತುಂಗಭದ್ರೆಗಳ ನಡುವಿನ ನಡಿಗಡ್ಡ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆಗೆ ಹೆಸರಾದ ನೆಲ. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಸಿ. ಟಿ. ಪಟೇಲ್ ವಿಶ್ವದ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ರೂಪಿಸಿದಂದಿನಿಂದ ಈ ಬೀಜ ತಯಾರಾಗುವುದು ಕೈಯಿಂದಲೇ. ಸಂಜೆ ಹೊತ್ತು ನಾಳೆ ಅರಳಬೇಕಾದ ಮೊಗ್ಗನ್ನು ಬಿಡಿಸಿ, ಒಳಗಿನ ಕೇಸರಗಳನ್ನು ಉಗುರಿನಿಂದ ತೆಗೆದು, ನಡುವಿನ ದಂಟು ಮುರಿಯದಂತೆ ಉಳಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಅದರ ಪುಡಿಯನ್ನು ಆ ದಂಟಿನ ತುದಿಗೆ ಸವರಬೇಕು. ಹೂ ಬಿಡುವ ತಿಂಗಳುಗಳಲ್ಲಿ ದಿನಾ ಇದೇ ಕೆಲಸ, ಇದಕ್ಕೆ ಸಣ್ಣ ಕೈಗಳೂ ಕಡಿಮೆ ಕೂಲಿಯೂ ಬೇಕು ಎಂದು ಮಕ್ಕಳನ್ನು ಶಾಲೆ ಬಿಡಿಸಿ ಹೊಲಕ್ಕಿಳಿಸಿದ್ದು ಈ ಭಾಗದ ದೊಡ್ಡ ಕಳಂಕ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ಕೂಲಿಗೆ ಹಚ್ಚುವಂತಿಲ್ಲ. ಮನೆಯ ಹೊಲದಲ್ಲಿ ಶಾಲೆಯ ಹೊತ್ತಿನ ಹೊರಗೆ ನೆರವಾಗಬಹುದು ಎಂಬ ಸಂದು ಮಾತ್ರ ಉಳಿದಿದೆ, ಆ ಸಂದಿನಲ್ಲಿ ಬಹಳಷ್ಟು ನುಸುಳುತ್ತದೆ.

ಹೀಗೆ ಸೆಪ್ಟೆಂಬರಿನಲ್ಲಿ ಹೊಲದಲ್ಲಿದ್ದ ಹುಡುಗಿ ನವೆಂಬರಿನಲ್ಲಿ ಶಾಲೆಗೆ ಮರಳಿದಾಗ ಹಲಗೆಯ ಮೇಲೆ ಹೂವಿನ ಭಾಗಗಳ ಚಿತ್ರ, ಅದರ ಹೆಸರುಗಳು. ಆಕೆಗೆ ‘ಹಾಜರಿ ಕಡಿಮೆ, ಹಿಂದೆ ಬಿದ್ದಿದ್ದಾಳೆ’ ಎಂಬ ಬಿರುದು. ಕೋಣೆಯಲ್ಲಿ ಇರುವವರಲ್ಲೆಲ್ಲ ಪರಾಗಸ್ಪರ್ಶವನ್ನು ಕೈಯಾರೆ ಮಾಡಿ ಬಲ್ಲವಳು ಆಕೆ ಒಬ್ಬಳೇ, ಬಹುಶಃ ಶಿಕ್ಷಕರನ್ನೂ ಸೇರಿಸಿ. ಬಾಲದುಡಿಮೆಯನ್ನು ಕಲಿಕೆ ಎಂದು ಹಾಡಿಹೊಗಳುವುದು ಹೊಣೆಗೇಡಿತನ. ಆದರೆ ಆಕೆ ಅನುಭವಿಸಿದ್ದನ್ನು ಪಾಠದಲ್ಲಿ ಲೆಕ್ಕಕ್ಕೇ ಹಿಡಿಯದಿರುವುದು ಎರಡನೇ ಸಲ ಅನ್ಯಾಯ ಮಾಡಿದ ಹಾಗೆ. ಕೇಸರ ತೆಗೆಯದೆ ಬಿಟ್ಟರೆ ಏನಾಗುತ್ತದೆ, ಬಿಸಿಲು ಏರಿದ ಮೇಲೆ ಸವರಿದರೆ ಕಾಯಿ ಏಕೆ ಕಟ್ಟುವುದಿಲ್ಲ ಎಂದು ಆಕೆಯನ್ನು ಕೇಳಬೇಕು, ಅವಳ ಮಾತಿನಲ್ಲೇ ಹೇಳಿಸಬೇಕು.

ಅವಳ ಮಾತು ಎಂದಾಗ ಮಾಧ್ಯಮದ ಪ್ರಶ್ನೆ ಬಂದೇ ಬರುತ್ತದೆ. 2022-23ರಿಂದ ತೆಲಂಗಾಣ ತನ್ನ ಸರಕಾರಿ ಶಾಲೆಗಳ ಒಂದರಿಂದ ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ತಂದಿತು, ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಇರುವ ಪುಸ್ತಕ ಕೊಟ್ಟಿತು. 2018ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ತೆಲುಗು ಕಡ್ಡಾಯ. ಕನ್ನಡದ ಮನೆಯ ಮಗುವಿಗೆ ಹೀಗೆ ಮೂರು ಭಾಷೆ. ಎಲೆ ಆಹಾರ ತಯಾರಿಸುವುದಕ್ಕೆ ಕರ್ನಾಟಕದ ಪುಸ್ತಕದ ಹೆಸರು ದ್ಯುತಿಸಂಶ್ಲೇಷಣೆ, ತೆಲುಗಿನದು ಕಿರಣಜನ್ಯ ಸಂಯೋಗಕ್ರಿಯೆ, ಇಂಗ್ಲಿಷಿನದು ಫೋಟೋಸಿಂಥೆಸಿಸ್; ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ರಾಯಚೂರಿಗೆ ಹೋಗುವವರು ಮೂರನ್ನೂ ಹಾಯಬೇಕು. ಇಂಗ್ಲಿಷ್ ಬೇಕೆನ್ನುವ ತಂದೆತಾಯಿಯರನ್ನು ನಾನು ಹಳಿಯುವುದಿಲ್ಲ. ಹೊಟ್ಟೆಪಾಡಿನ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಮೂರರಿಂದ ಐದನೇ ತರಗತಿಯ ವಿಜ್ಞಾನದಲ್ಲಿ ಮುಖ್ಯ ಕೆಲಸ ಹೆಸರಲ್ಲ. ನೋಡಿದ್ದನ್ನು ಹೇಳುವುದು, ಹೇಳಿದ್ದಕ್ಕೆ ಎದುರಾಡುವುದು, ಮತ್ತೆ ನೋಡುವುದು. ಎದುರಾಡಲು ಬಾರದ ಭಾಷೆಯಲ್ಲಿ ಈ ಕೆಲಸ ಆಗುವುದಿಲ್ಲ. ಹಲಗೆಯಿಂದ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಕೆಲಸವಷ್ಟೇ ಆಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಐದನೇ ತರಗತಿಯವರೆಗಾದರೂ ಮನೆಮಾತು ಎನ್ನುತ್ತದೆ, ವಿಜ್ಞಾನಕ್ಕೆ ದ್ವಿಭಾಷಾ ಪುಸ್ತಕ ಎನ್ನುತ್ತದೆ. ನನ್ನ ತೀರ್ಮಾನವೂ ಅದೇ: ಐದರವರೆಗೆ ಮಾತು ಪೂರ್ತಿ ಕನ್ನಡದಲ್ಲಿ, ಅದೂ ಈ ಸೀಮೆಯ ಕನ್ನಡದಲ್ಲಿ; ನಾಲ್ಕನೇ ತರಗತಿಯಿಂದ ಪದಗಳನ್ನು ಮೂರು ಭಾಷೆಯಲ್ಲೂ ಗೋಡೆಗೆ ಬರೆಯಲಿ; ಆರರಿಂದ ಇಂಗ್ಲಿಷ್ ಪುಟವೂ ತೆರೆಯಲಿ.

ಇದೆಲ್ಲ ನಿಂತಿರುವುದು ಕೋಣೆಯಲ್ಲಿ ಒಬ್ಬ ಶಿಕ್ಷಕ ಇರುವುದರ ಮೇಲೆ, ಆ ಶಿಕ್ಷಕನಿಗೆ ಮಗುವಿನ ಮಾತು ಗೊತ್ತಿರುವುದರ ಮೇಲೆ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದಾಗಲೆಲ್ಲ ಅಲ್ಲಿನ ಮಕ್ಕಳೂ ಪೋಷಕರೂ ಬೀದಿಗಿಳಿದಿದ್ದಾರೆ. ಅಲ್ಲಿ ಸಂಘಟನೆ ಇದೆ, ಪತ್ರಿಕೆ ಇದೆ, ವಕೀಲರಿದ್ದಾರೆ. ಪಾಲಮೂರಿನ ಗುಳೆ ಹೋಗುವ ಕುಟುಂಬಕ್ಕೆ ಅಷ್ಟು ಪುರಸೊತ್ತಿಲ್ಲ. ಇಲ್ಲಿ ಹುದ್ದೆ ಖಾಲಿ ಬಿದ್ದರೆ ಮಕ್ಕಳು ಸದ್ದಿಲ್ಲದೆ ತೆಲುಗು ಶಾಲೆಗೋ ಖಾಸಗಿ ಶಾಲೆಗೋ ಹೋಗುತ್ತಾರೆ, ಸಂಖ್ಯೆ ಇಳಿಯುತ್ತದೆ, ಇಳಿದ ಸಂಖ್ಯೆಯನ್ನೇ ತೋರಿಸಿ ಹುದ್ದೆ ರದ್ದಾಗುತ್ತದೆ. ಕಿಟ್ಟು, ಪುಸ್ತಕ, ತರಬೇತಿ ಎಲ್ಲವೂ ಇದರ ಮುಂದೆ ಎರಡನೇ ಮಾತು. ತೆಲಂಗಾಣದ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟೆಟ್‌ನಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶವಿದೆ. ಆದರೆ ಹುದ್ದೆಯೇ ಘೋಷಣೆಯಾಗದಿದ್ದರೆ ಯಾರು ಓದಿ ಬರೆಯುತ್ತಾರೆ?

ಆದ್ದರಿಂದ ಎರಡು ಕಡೆಗೆ ಎರಡು ಬೇಡಿಕೆ. ಕರ್ನಾಟಕದ ಕಡೆಗೆ: 2010ರಲ್ಲಿ ಹುಟ್ಟಿದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡ ಶಾಲೆಗಳಿಗೆ ನೆರವು ನೀಡುತ್ತದೆ. ಆ ಹಣದಲ್ಲಿ ರಾಜ್ಯೋತ್ಸವದ ವೇದಿಕೆಯ ಪಾಲು ಕಡಿಮೆ ಮಾಡಿ, ವಿಜ್ಞಾನ ಪರಿಷತ್ತಿನ ಜೊತೆ ಕೂತು, ಎರಿ ಮಸಾರಿ, ಹತ್ತಿ ಹೂ, ಮುದುಮಾಲದ ಕಲ್ಲು, ಜೂರಾಲಾದ ಕರೆಂಟು ಇರುವ ನಲವತ್ತು ಪುಟದ ಒಂದು ಚಟುವಟಿಕೆ ಪುಸ್ತಕ ಮಾಡಿಸಿ ಪ್ರತಿ ಕನ್ನಡ ಶಾಲೆಗೂ ತಲುಪಿಸಲಿ, ಜೊತೆಗೆ ‘ಬಾಲ ವಿಜ್ಞಾನ’ದ ಚಂದಾ ಕಟ್ಟಲಿ. ತೆಲಂಗಾಣದ ಕಡೆಗೆ: ಶಿಕ್ಷಕರ ನೇಮಕಾತಿಯ ಮುಂದಿನ ಡಿಎಸ್‌ಸಿ ಪ್ರಕಟಣೆಯಲ್ಲಿ ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳ ಕನ್ನಡ ಮಾಧ್ಯಮದ ಹುದ್ದೆಗಳನ್ನು ಇಂದಿನ ಹಾಜರಿ ನೋಡಿಯಲ್ಲ, ಊರಿನ ಮನೆಮಾತು ನೋಡಿ ಲೆಕ್ಕ ಹಾಕಲಿ. 2024ರಿಂದ ಪ್ರತಿ ಸರಕಾರಿ ಶಾಲೆಗೂ ಅಮ್ಮ ಆದರ್ಶ ಪಾಠಶಾಲಾ ಸಮಿತಿ ಇದೆ. ಅದರ ತಾಯಂದಿರು ಮುಂದಿನ ಸಭೆಯಲ್ಲಿ ಕಾಂಪೌಂಡು, ನಲ್ಲಿ, ಶೌಚಾಲಯದ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು: ನಮ್ಮ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಎಷ್ಟು ಬೇಕು, ಎಷ್ಟು ಇದ್ದಾರೆ. ಅದನ್ನು ಬರೆದು, ಸಹಿ ಹಾಕಿ, ಮಂಡಲ ಶಿಕ್ಷಣಾಧಿಕಾರಿಯ (ಎಂಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.